ಎಡಗಾಲಿನ ದಿಂಡು

"ನಾಲ್ಕು ಜನ ಕಣ್ಣಾರೆ ಕಂಡದ್ದು ಸುಳ್ಳಾಗುತ್ತದೆಯೇ ಬುದ್ಧೀ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಬಿತ್ತನೆಗೆ ಆಲೂಗಡ್ಡೆ ಹೆಚ್ಚುತ್ತಿದ್ದರು. ಶಿಷ್ಯ ಮರುಳಯ್ಯನ ಮುಂದೆಯೂ ಒಂದು ಚಾಕು, ಒಂದು ಕುಕ್ಕೆ ಗಡ್ಡೆ ಇದ್ದವು. ಅವನ ಕೈ ನಿಂತು ಬಹಳ ಹೊತ್ತಾಗಿತ್ತು. ಬಾಯಿ ನಿಂತಿರಲಿಲ್ಲ.

"ಏನು ಕಂಡಿರಪ್ಪ?"

"ಉಗ್ರಾಣದ ರಾಚಪ್ಪನ ವಲ್ಲಿ ಬುದ್ಧೀ. ಹೂವಿನ ಕೆಂಪಮ್ಮನ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿತ್ತು. ಹಸಿರಂಚಿನ ವಲ್ಲಿ, ಅಂಥದ್ದು ಊರಲ್ಲೇ ಇನ್ನೊಂದಿಲ್ಲ. ಅವಳೋ ಗಂಡ ಸತ್ತವಳು. ಅಂಥವನ ಸೊಂಟದಲ್ಲಿ ಉಗ್ರಾಣದ ಬೀಗದಕೈ ಇರಬಹುದೇ? ತಾವೇ ಹೇಳಬೇಕು."

ಹೇಳುವಾಗ ಅವನ ಮುಖದಲ್ಲಿ ದುಃಖವಿರಲಿಲ್ಲ. ಹೋಳಿಗೆ ಊಟಕ್ಕೆ ಕೂತವನ ಮುಖವಿತ್ತು.

ಗುರುಗಳು ಇನ್ನೊಂದು ಗಡ್ಡೆ ಎತ್ತಿಕೊಂಡರು. "ಒಂದು ಕತೆ ಇದೆ, ಕೇಳು. ಹೆಚ್ಚುವುದನ್ನು ನಿಲ್ಲಿಸಬೇಡ. ಕಣ್ಣು ನೋಡಿ ಹೆಚ್ಚು. ಕಣ್ಣಿಲ್ಲದ ಹೋಳು ಮೊಳೆಯುವುದಿಲ್ಲ" ಎಂದು ಶುರುಮಾಡಿದರು.

ಐರ್ಲೆಂಡ್ ಎಂದು ಒಂದು ದೇಶ. ಸುತ್ತ ಕಡಲು. ಅಲ್ಲಿನವರಿಗೆ ನಮ್ಮ ರಾಗಿ ಇದ್ದ ಹಾಗೆ ಆಲೂಗಡ್ಡೆ. ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ.

"ಬುದ್ಧಿಯವರು ಆ ದೇಶಕ್ಕೆ ಹೋಗಿದ್ದಿರಾ?"

"ಇಲ್ಲಪ್ಪ. ಅಲ್ಲಿಗೆ ಹಡಗು ಬೇಕು. ನಾನು ಹಾಸನದ ಆಚೆ ಕಂಡವನಲ್ಲ. ಕತೆ ಮಾತ್ರ ಹಡಗಿಳಿದು ಇಲ್ಲಿಯವರೆಗೆ ಬಂತು. ಕೇಳು."

ಆ ದೇಶದಲ್ಲಿ ಕಡಲ ದಂಡೆಗೆ ಒಂದು ಊರು. ಬರೀ ಕಲ್ಲುಭೂಮಿ, ನೇಗಿಲು ಇಳಿಯುವುದಿಲ್ಲ. ಹೆಂಗಸರು ಗಂಡಸರು ಸೇರಿ ಕಡಲಿನ ಪಾಚಿಯನ್ನು ಬೆನ್ನಮೇಲೆ ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಹುಲ್ಲಿನ ಮೇಲೆ ಉದ್ದಕ್ಕೆ ಪಾಚಿ ಹಾಸುತ್ತಾರೆ. ಪಾಚಿಯ ಮೇಲೆ ಬೀಜದ ಹೋಳು. ಆಮೇಲೆ ಎರಡೂ ಮಗ್ಗುಲಿನ ನೆಲವನ್ನು ಹುಲ್ಲು ಸಮೇತ ಎಬ್ಬಿಸಿ ಅದರ ಮೇಲೆ ಮಗುಚುತ್ತಾರೆ, ಕರಿಗಡುಬು ಮಡಿಸಿದ ಹಾಗೆ. ಅದೇ ದಿಂಡು. ಗಡ್ಡೆ ಬೆಳೆಯುವುದು ಆ ದಿಂಡಿನ ಹೊಟ್ಟೆಯಲ್ಲಿ.

ಮಗುಚುವುದಕ್ಕೆ ನಮ್ಮ ಗುದ್ದಲಿ ಅಲ್ಲ. ಉದ್ದ ಕಾವಿನ ಸನಿಕೆ. ಕಾಲಿನಿಂದ ಒತ್ತಿ ನೆಲಕ್ಕೆ ಇಳಿಸುವುದು. ಕಾಲಿಡುವುದಕ್ಕೆ ಒಂದು ಮೆಟ್ಟು ಇರುತ್ತದೆ, ಒಂದೇ ಮಗ್ಗುಲಿಗೆ. ಈ ಊರಿನವರೆಲ್ಲ ಬಲಗಾಲಿನವರು. ಮೆಟ್ಟು ಬಲಕ್ಕೆ. ಬೆಟ್ಟದ ಆಚೆಯವರು ಎಡಗಾಲಿನವರು. ಅವರ ಮೆಟ್ಟು ಎಡಕ್ಕೆ. ಹೀಗೇಕೆ ಎಂದರೆ ಎರಡು ಕಡೆಯವರಿಗೂ ಗೊತ್ತಿಲ್ಲ. ಆಚೆಯವರು ಸರಿಯಿಲ್ಲ ಎಂಬುದು ಮಾತ್ರ ಎರಡು ಕಡೆಯವರಿಗೂ ಚೆನ್ನಾಗಿ ಗೊತ್ತು.

ಇದರಲ್ಲಿ ಒಂದು ಗುಟ್ಟಿದೆ. ಬಲಗಾಲಿನವನು ಮಗುಚಿದ ದಿಂಡು ಕಡಲ ಕಡೆ ವಾಲಿ ಮಲಗುತ್ತದೆ. ಎಡಗಾಲಿನವನದು ಬೆಟ್ಟದ ಕಡೆ ವಾಲುತ್ತದೆ. ಸೆರಗು ಯಾವ ಹೆಗಲಿಗಿದೆ ಎಂದು ನೋಡಿ ಹೆಣ್ಣು ಯಾವ ಸೀಮೆಯವಳೆಂದು ನಮ್ಮ ಹೆಂಗಸರು ಹೇಳುತ್ತಾರಲ್ಲ, ಹಾಗೆಯೇ ದಿಂಡು ನೋಡಿ ಅಗೆದ ಕಾಲು ಯಾವುದೆಂದು ಅಲ್ಲಿ ಕುರುಡನೂ ಕೈಯಾಡಿಸಿ ಹೇಳುತ್ತಾನೆ.

ಆ ಊರಿನಲ್ಲಿ ಭೂಮಿ ಯಾರ ಸ್ವಂತದ್ದೂ ಅಲ್ಲ. ಊರಿಗೆಲ್ಲ ಸೇರಿದ್ದು. ಒಂದೊಂದು ಮನೆಗೆ ಒಂದೊಂದು ಪಟ್ಟೆ. ಯಾವ ಮನೆಯ ಸನಿಕೆ ಮಣ್ಣು ಮಗುಚುತ್ತದೋ ಆ ಮನೆಗೇ ಪಟ್ಟೆ. ಅವರ ಶುಭ ಶುಕ್ರವಾರದ ಹೊತ್ತಿಗೆ ಒಂದು ದಿಂಡಾದರೂ ಎದ್ದಿರಬೇಕು. ಏಳದಿದ್ದರೆ ಪಟ್ಟೆ ಮಗ್ಗುಲಿನವನಿಗೆ ಹೋಗುತ್ತದೆ.

ಅಲ್ಲಿ ಒಬ್ಬ ರೈತ ಚಳಿಗಾಲದ ಜ್ವರದಲ್ಲಿ ತೀರಿಕೊಂಡ. ಹೆಂಡತಿ ಉಳಿದಳು, ಎರಡು ಪುಟ್ಟ ಹೆಣ್ಣುಮಕ್ಕಳು ಉಳಿದವು. ಅವಳಿಗೊಂದು ಹೆಸರು ಬೇಕಾದರೆ ಊನಾ ಎಂದಿಟ್ಟುಕೊ. ಆ ಪಟ್ಟೆ ಕೈಬಿಟ್ಟರೆ ಮಕ್ಕಳನ್ನು ಕರೆದುಕೊಂಡು ಬೇರೆಯವರ ಬಾಗಿಲಲ್ಲಿ ನಿಲ್ಲಬೇಕು. ಅದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಗಂಡಸು ಇಲ್ಲದ ಮನೆಗೆ ಊರವರು ಮುಯ್ಯಾಳಾಗಿ ಹೋಗಿ ದಿಂಡು ಹಾಕಿಕೊಡುವುದು ಅಲ್ಲಿಯ ಪದ್ಧತಿ. ನಮ್ಮಲ್ಲಿ ನಾಟಿಗೆ ಹೋಗುವುದಿಲ್ಲವೇ, ಹಾಗೆ. ಮನೆಯ ಸನಿಕೆಯಲ್ಲೇ ಅಗೆದುಕೊಟ್ಟು, ಉಂಡು ಬರುತ್ತಾರೆ. ಆದರೆ ಸತ್ತವನಿಗೆ ಒಬ್ಬ ತಮ್ಮನಿದ್ದ. ಕಾರ್ಮಕ್ ಎಂದು ಹೆಸರು. ಅವನ ಪಟ್ಟೆ ಇವಳ ಪಟ್ಟೆಯ ಮಗ್ಗುಲಿಗೇ ಇತ್ತು.

ಮುಯ್ಯಾಳುಗಳು ಹೊರಟಾಗ ಕಾರ್ಮಕ್ ಕೈಮುಗಿದ. "ನೀವು ಯಾಕೆ ತೊಂದರೆ ತೆಗೆದುಕೊಳ್ಳುತ್ತೀರಿ? ನಮ್ಮ ಅತ್ತಿಗೆಯ ಕೆಲಸಕ್ಕೆ ನಾನಿಲ್ಲವೇ?" ಎಂದ. ಎಂಥ ಮೈದುನ ಎಂದು ಹೊಗಳುತ್ತ ಊರು ತಿರುಗಿ ಹೋಯಿತು. ಅವನು ಮನೆಗೆ ಹೋಗಿ ಬೆಂಕಿಯ ಮುಂದೆ ಕಾಲು ಚಾಚಿ ಕೂತ. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಅವಳಿಗೆ ಹೇಳಿಕಳಿಸಿದ. ಶುಕ್ರವಾರ ಹತ್ತಿರ ಬರುತ್ತಿತ್ತು. ಅವನಿಗೆ ಬೇಕಾಗಿದ್ದೂ ಅದೇ.

"ಪಾಪಿ!" ಎಂದ ಮರುಳಯ್ಯ.

"ಹೆಚ್ಚು, ಹೆಚ್ಚು" ಎಂದರು ಗುರುಗಳು.

ಅಷ್ಟರಲ್ಲಿ ಕಡಲಿನಿಂದ ಮಂಜು ಬಂತು. ಕೈ ಚಾಚಿದರೆ ಬೆರಳು ಕಾಣದಂಥ ಮಂಜು. ಹೊಲಕ್ಕೆ ಯಾರೂ ಹೋಗಲಿಲ್ಲ. ಕೆಲವು ದಿನ ಹಾಗೇ ಕೂತು, ಒಂದು ಬೆಳಿಗ್ಗೆ ಮಂಜು ಎದ್ದುಹೋಯಿತು. ನೋಡಿದರೆ ಊನಾಳ ಪಟ್ಟೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ದಿಂಡು ಎದ್ದಿದೆ.

ದಿಂಡು ಬೆಟ್ಟದ ಕಡೆ ವಾಲಿತ್ತು.

ಮೊದಲು ನೋಡಿದ್ದು ಬಿಡ್ಡಿ ಎಂಬ ಮುದುಕಿ. ನೀರು ತರಲು ಹೊರಟವಳು ಕೊಡ ಅಲ್ಲೇ ಇಟ್ಟು, ದಿಂಡಿನ ಸುತ್ತ ಪ್ರದಕ್ಷಿಣೆ ಬಂದು, ಖಾಲಿ ಕೊಡ ಎತ್ತಿಕೊಂಡು ಬಾವಿಗೆ ಹೋಗುವ ಬದಲು ಮನೆಮನೆಗೆ ಹೋದಳು. ಅವತ್ತು ಅವಳಿಗೆ ಮಂಡಿನೋವು ಇರಲಿಲ್ಲ.

"ಊನಾಳ ಹೊಲಕ್ಕೆ ಬೆಟ್ಟ ಇಳಿದು ಬಂದಿದೆ ಕಣ್ರೇ" ಎಂದಳು.

"ಬೆಟ್ಟ ಯಾಕಜ್ಜಿ ಇಳಿದು ಬರುತ್ತೆ?"

"ಬೆಟ್ಟ ಅಲ್ಲ ಕಣೇ, ಬೆಟ್ಟದಾಚೆಯ ಕಾಲು. ಹೋಗಿ ನೋಡು. ಗಂಡನನ್ನು ಮಣ್ಣುಮಾಡಿದ ಜಾಗದಲ್ಲಿ ಇನ್ನೂ ಹುಲ್ಲು ಹುಟ್ಟಿಲ್ಲ."

ಇನ್ನು ಹೇಳಬೇಕೆ? ಊರಿಗೆ ಊರೇ ಹೋಗಿ ನೋಡಿತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಗೆದದ್ದು ಎಡಗಾಲು. ಊರಿನಲ್ಲಿದ್ದ ಎಡಗಾಲು ಒಂದೇ. ಅದು ಫೆಲಿಮ್‌ನದು. ಅವನು ಬೆಟ್ಟದಾಚೆಯಿಂದ ಬಂದು ನೆಲೆಸಿದವನು, ಮನೆಗಳ ಸೂರಿಗೆ ಹುಲ್ಲು ಹೊದಿಸುವುದು ಅವನ ಕಸುಬು. ಮದುವೆಯಿಲ್ಲ. ನೋಡಲು ಅಷ್ಟೇನೂ ಲಕ್ಷಣವಿಲ್ಲ, ಆದರೂ ಸಿಳ್ಳೆ ಹಾಕುತ್ತ ಓಡಾಡುತ್ತಿದ್ದ.

ಅಲ್ಲಿಂದ ಊರಿಗೆ ಮರೆತದ್ದೆಲ್ಲ ನೆನಪಾಗತೊಡಗಿತು. ಹೋದ ವರ್ಷ ಊನಾಳ ಸೂರಿಗೆ ಹುಲ್ಲು ಹೊದಿಸಿದವನು ಅವನೇ. ಬೇರೆಯವರ ಮನೆಗಿಂತ ಅಲ್ಲಿ ಹೆಚ್ಚು ಹೊತ್ತು ಹಿಡಿದಿತ್ತಂತೆ. ಅವಳು ಅವನಿಗೆ ಮಜ್ಜಿಗೆ ಕೊಟ್ಟಿದ್ದಳಂತೆ. ಲೋಟ ವಾಪಸು ಕೊಡುವಾಗ ಅವನು ಏನೋ ಅಂದನಂತೆ. ಏನಂದ ಎಂದು ಯಾರೂ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡಿದ್ದರೆ ಅಷ್ಟು ರುಚಿ ಇರುತ್ತಿರಲಿಲ್ಲ.

"ಚಿಕ್ಕ ಮಗಳನ್ನು ನೋಡಿದ್ದೀರಾ?" ಎಂದಳು ಬಿಡ್ಡಿ. "ಕಲ್ಲು ಒದೆಯುವಾಗ ಯಾವ ಕಾಲೆತ್ತುತ್ತಾಳೆ ನೋಡಿ. ನಾನು ಏನೂ ಹೇಳುವುದಿಲ್ಲಮ್ಮ. ಪಾಪದ ಮಗು."

ಅವತ್ತಿನಿಂದ ಆ ಮಗು ಬೀದಿಯಲ್ಲಿ ನಡೆದರೆ ಹೆಂಗಸರು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು.

ಮರುಳಯ್ಯನ ಕೈಯಲ್ಲಿದ್ದ ಗಡ್ಡೆ ಕೈಯಲ್ಲೇ ಉಳಿದಿತ್ತು. "ಎಡಗಾಲೇ ಎತ್ತುತ್ತಿತ್ತೇ ಬುದ್ಧೀ?" ಎಂದ.

"ಎಷ್ಟೋ ಮಕ್ಕಳು ಎತ್ತುತ್ತವೆ. ಮುಂದೆ ಕೇಳು."

ಫೆಲಿಮ್‌ನನ್ನು ಹಿಡಿದು ಕೇಳಿದರು. ಮೊದಲ ದಿನ ಅವನು "ನಾನಲ್ಲ ಮಾರಾಯರೇ, ಮಂಜಿನಲ್ಲಿ ನಾನು ಮನೆ ಬಿಟ್ಟು ಹೊರಡಲೇ ಇಲ್ಲ" ಎಂದು ಆಣೆ ಇಟ್ಟ. ಯಾರೂ ನಂಬಲಿಲ್ಲ. "ಸಾಕು ಸುಮ್ಮನಿರೋ, ನಮಗೆ ಗೊತ್ತಿಲ್ಲವೇ" ಎಂದು ಬೆನ್ನು ತಟ್ಟಿದರು. ಇಷ್ಟು ವರ್ಷ ಅವನನ್ನು ಪಕ್ಕಕ್ಕೆ ಕೂರಿಸದವರು ಕರೆದು ಕೂರಿಸಿ, ಕುಡಿಯಲು ಕೊಟ್ಟು ಕೇಳತೊಡಗಿದರು. ಆಮೇಲಾಮೇಲೆ ಅವನು ನಾನಲ್ಲ ಎನ್ನುವುದನ್ನು ಬಿಟ್ಟ. ಹೌದು ಎಂದೂ ಹೇಳಲಿಲ್ಲ. ನೆಲ ನೋಡಿಕೊಂಡು ಒಂದು ನಗು ನಗುತ್ತಿದ್ದ. ಅಷ್ಟೇ ಸಾಕಾಯಿತು.

ಊನಾಳಿಗೆ ಆದದ್ದೇ ಬೇರೆ. ಪಾಚಿಯ ಬುಟ್ಟಿ ಒಬ್ಬರೇ ಬೆನ್ನಿಗೇರಿಸಿಕೊಳ್ಳಲಾಗದ ಭಾರ. ಯಾರಾದರೂ ಹಿಂದಿನಿಂದ ಎತ್ತಿಕೊಡಬೇಕು. ಅವಳು ಕಡಲ ದಂಡೆಯಲ್ಲಿ ತುಂಬಿದ ಬುಟ್ಟಿಯ ಪಕ್ಕ ನಿಂತರೆ, ಎಲ್ಲರೂ ಒಬ್ಬರ ಬುಟ್ಟಿ ಒಬ್ಬರು ಎತ್ತಿಕೊಟ್ಟು ಹೊರಟುಬಿಡುತ್ತಿದ್ದರು. "ಎತ್ತಿಕೊಡಲು ಅವಳಿಗೆ ಬೇರೆಯವರಿದ್ದಾರೆ" ಎಂದು ಒಬ್ಬಳು ಅವಳಿಗೆ ಕೇಳುವ ಹಾಗೆಯೇ ಹೇಳಿದಳು. ಅವಳು ಅರ್ಧ ಪಾಚಿ ಸುರಿದು, ಉಳಿದರ್ಧವನ್ನು ತಾನೇ ಹೊತ್ತುಕೊಂಡು ಹೋದಳು. ಮಾತಾಡಲಿಲ್ಲ. ಮಾತಾಡದಿರುವುದೇ ತಪ್ಪಿಗೆ ಸಾಕ್ಷಿ ಎಂದು ಊರು ಹೇಳಿತು.

ಶುಭ ಶುಕ್ರವಾರ ಬಂತು. ಊರಿನ ಯಜಮಾನ ಹೊಲದ ಬದುವಿಗೆ ಬಂದು ನಿಂತ. ಪ್ರಾರ್ಥನೆಗೆ ಬರದವರೂ ಅಲ್ಲಿಗೆ ಬಂದಿದ್ದರು. ಬಿಡ್ಡಿ ಮುದುಕಿ ಕೂರುವುದಕ್ಕೆ ಮನೆಯಿಂದ ಮಣೆ ತಂದಿದ್ದಳು.

ಕಾರ್ಮಕ್ ಮುಂದೆ ಬಂದು ಟೋಪಿ ತೆಗೆದ. ಅಳುವ ಮುಖ ಮಾಡಿಕೊಂಡಿದ್ದ.

"ಯಜಮಾನರೇ, ಹೇಳುವುದಕ್ಕೆ ನನಗೇ ನಾಚಿಕೆ. ದಿಂಡು ಎದ್ದಿದೆ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಅಣ್ಣನ ಮನೆಯ ಸನಿಕೆ ಬಲಮೆಟ್ಟಿನದು. ಇದು ಎಡಮೆಟ್ಟಿನ ಸನಿಕೆಯ ಕೆಲಸ. ಎಲ್ಲರೂ ಕಣ್ಣಾರೆ ನೋಡಿದ್ದೀರಿ. ಮನೆಯ ಸನಿಕೆ ಮಗುಚದ ಮೇಲೆ ಪಟ್ಟೆ ಆ ಮನೆಯದಲ್ಲ. ಮಾನವಂತೂ ಹೋಯಿತು, ಮಣ್ಣಾದರೂ ನಮ್ಮ ವಂಶದಲ್ಲಿ ಉಳಿಯಲಿ."

ಯಜಮಾನ ದಿಂಡು ನೋಡಿದ. ಬೆಟ್ಟದ ಕಡೆ ವಾಲಿದೆ. ಫೆಲಿಮ್‌ನನ್ನು ನೋಡಿದ. ಅವನು ನೆಲ ನೋಡಿ ನಕ್ಕ. ಜನರನ್ನು ನೋಡಿದ. ಎಲ್ಲರೂ ತಲೆಯಾಡಿಸಿದರು. ನ್ಯಾಯ ಮುಗಿದಿತ್ತು.

ಇನ್ನು ಉಳಿದದ್ದು ಒಂದು ಶಾಸ್ತ್ರ. ಪಟ್ಟೆ ಕೈಬದಲಾಗುವಾಗ ಹಳೆಯ ಮನೆಯ ಸನಿಕೆಯನ್ನು ತಂದು ಬದುವಿನ ಮೇಲೆ ಅಡ್ಡ ಮಲಗಿಸಬೇಕು. ಇನ್ನು ಈ ಸನಿಕೆಗೆ ಇಲ್ಲಿ ಕೆಲಸವಿಲ್ಲ ಎಂದು ಅದರ ಅರ್ಥ.

"ಹೋಗಮ್ಮ, ನಿನ್ನ ಗಂಡನ ಸನಿಕೆ ತಂದಿಡು" ಎಂದ ಯಜಮಾನ.

ಊನಾ ಹೋಗಿ ತಂದಳು. ಬದುವಿನ ಮೇಲೆ ಮಲಗಿಸಿದಳು. ಯಜಮಾನ ಮಾತೆತ್ತಲು ಬಾಯಿ ತೆರೆದವನು ಹಾಗೇ ಬಗ್ಗಿ ನೋಡಿದ.

ಸನಿಕೆಯ ಬಲಮಗ್ಗುಲಿನಲ್ಲಿ ಮೊಳೆ ಕಿತ್ತ ತೂತುಗಳಿದ್ದವು. ಮೆಟ್ಟು ಎಡಮಗ್ಗುಲಿನಲ್ಲಿತ್ತು. ಮೊಳೆ ಹೊಡೆದದ್ದು ಸೊಟ್ಟಗಿತ್ತು. ಬಡಗಿಯ ಕೈಯ ಕೆಲಸವಲ್ಲ.

"ಇದನ್ನು ಈ ಕಡೆಗೆ ಹಾಕಿದವರು ಯಾರು?"

"ನಾನು."

"ದಿಂಡು ಹಾಕಿದವರು?"

"ನಾನೇ."

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಆ ಊರಿನಲ್ಲಿ ಹೆಂಗಸು ಸನಿಕೆ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸಿನ ಕೆಲಸ ಬೀಜ ಹಾಕುವುದು.

"ಬಲಗಾಲಿನ ಮನೆಯಲ್ಲಿದ್ದು ಎಡಗಾಲಿನ ಅಗೆತ ನಿನಗೆ ಕಲಿಸಿದವರು ಯಾರು?" ಎಂದು ಕಾರ್ಮಕ್ ಕೇಳಿದ. ಕೇಳಿ, ಗೆದ್ದವನ ಹಾಗೆ ಸುತ್ತ ನೋಡಿದ.

"ನಿಮ್ಮಣ್ಣನೇ" ಎಂದಳು ಊನಾ. "ಅವರು ಅಗೆಯುವಾಗ ನಾನು ದಿಂಡಿನ ಈಚೆ, ಅವರ ಎದುರಿಗೆ ನಿಂತು ಬೀಜ ಹಾಕುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ಹಾಗೇ ನೋಡಿದ್ದು. ಅವರು ಒತ್ತುವ ಕಾಲು ನನ್ನ ಈ ಕಾಲಿನ ನೇರಕ್ಕೆ ಇರುತ್ತಿತ್ತು." ಸೀರೆಯಲ್ಲ ಅವರದು, ಲಂಗ, ಅದನ್ನು ಚೂರು ಎತ್ತಿ ಎಡಗಾಲು ಮುಂದಿಟ್ಟಳು. ಎಡಗಾಲಿನ ಬೂಟಿನ ಅಟ್ಟೆ ಮೆಟ್ಟಿನ ಅಗಲಕ್ಕೆ ಸವೆದು ಹೋಗಿತ್ತು. "ಸನಿಕೆಯ ಮೆಟ್ಟು ಮಾತ್ರ ಆ ಕಡೆಗಿತ್ತು. ಆ ಕಾಲಿನಲ್ಲಿ ನನಗೆ ಬರಲಿಲ್ಲ. ಕಿತ್ತು ಈ ಕಡೆಗೆ ಹೊಡೆದುಕೊಂಡೆ."

ಇದು ಕೇಳಿ ಒಂದು ವಿಚಿತ್ರವಾಯಿತು. ಅಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಎಡಗಾಲು ನೋಡಿಕೊಂಡರು. ಅವರೂ ಅಷ್ಟು ವರ್ಷ ಎದುರಿಗೆ ನಿಂತು ಬೀಜ ಹಾಕಿದವರೇ. ನಾಳೆ ಸನಿಕೆ ಹಿಡಿದರೆ ಯಾವ ಕಾಲು ಮುಂದೆ ಬರುತ್ತದೆ ಎಂದು ಒಬ್ಬೊಬ್ಬಳಿಗೂ ಹೊಳೆಯಿತು. ಬಿಡ್ಡಿ ಮುದುಕಿ ಮಣೆಯ ಕೆಳಗೆ ಕಾಲೆಳೆದುಕೊಂಡಳು.

"ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ತಾಯೀ?" ಎಂದ ಯಜಮಾನ.

"ಇಷ್ಟು ದಿನ ನನ್ನನ್ನು ಕೇಳಿದವರು ಯಾರು?"

ಯಜಮಾನ ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ. ದಿಂಡನ್ನು ಕೇಳಿದ್ದರು, ಫೆಲಿಮ್‌ನನ್ನು ಕೇಳಿದ್ದರು, ಮಗುವಿನ ಕಾಲನ್ನು ಕೂಡ ಕೇಳಿದ್ದರು.

ಊನಾ ಸನಿಕೆ ಎತ್ತಿಕೊಂಡು ಎಲ್ಲರೆದುರಿಗೇ ಎಡಗಾಲು ಒತ್ತಿ ಒಂದು ಹೆಂಟೆ ಮಗುಚಿದಳು. ಅದು ಬೆಟ್ಟದ ಕಡೆ ವಾಲಿ ಮಲಗಿತು. ಮೊದಲಿನ ದಿಂಡಿಗೆ ಸರಿಯಾಗಿ ಹೊಂದಿಕೊಂಡಿತು.

ಮನೆಯ ಸನಿಕೆಯೇ ಮಗುಚಿದೆ, ಪಟ್ಟೆ ಆ ಮನೆಯದೇ ಎಂದು ಯಜಮಾನ ಹೇಳಿದ. ಕಾರ್ಮಕ್ ಟೋಪಿ ಹಾಕಿಕೊಂಡು ಮನೆಗೆ ಹೋದ. ಮಾರನೆಯ ದಿನ ದಂಡೆಯಲ್ಲಿ ಅವಳ ಬುಟ್ಟಿಯನ್ನು ಯಾರೋ ಹಿಂದಿನಿಂದ ಎತ್ತಿಕೊಟ್ಟರು. ಅವಳು ತಿರುಗಿ ನೋಡಲಿಲ್ಲ. ಆ ವರ್ಷ ಗಡ್ಡೆ ಬಂದವು. ಮಕ್ಕಳು ಉಂಡವು.

ಗುರುಗಳು ಕತೆ ಮುಗಿಸಿದರು. ಅವರ ಮುಂದಿನ ಗಡ್ಡೆಗಳೂ ಮುಗಿದಿದ್ದವು. ಚಾಕು ಒರೆಸಿ ಇಟ್ಟರು.

ಮರುಳಯ್ಯ ಕಣ್ಣೊರೆಸಿಕೊಂಡ. "ಎಂಥ ಮಾತು ಹೇಳಿದಿರಿ ಬುದ್ಧೀ! ಪಾಪ, ಆ ಹೆಣ್ಣುಮಗಳು. ಎಂಥ ಜನ ಇರುತ್ತಾರೆ ನೋಡಿ. ಎದುರಿಗೇ ಇದ್ದವಳನ್ನು ಒಂದು ಮಾತು ಕೇಳಬಾರದೇ?" ಎಂದ.

ಒಂದು ಗಡ್ಡೆ ಹೆಚ್ಚಿದ. ಇನ್ನೊಂದು ಎತ್ತಿಕೊಂಡ. ಅದನ್ನು ಹೆಚ್ಚಲಿಲ್ಲ. ಗುರುಗಳ ಕಡೆ ಸ್ವಲ್ಪ ಜರುಗಿ ಕೂತ. ದನಿ ತಗ್ಗಿಸಿದ.

"ಅದೆಲ್ಲ ಸರಿ ಬುದ್ಧೀ. ಆದರೂ ಆ ಫೆಲಿಮ್ ನಕ್ಕದ್ದು ಯಾಕೆ? ಏನೂ ಇಲ್ಲದೆ ಯಾರಾದರೂ ಹಾಗೆ ನಗುತ್ತಾರೆಯೇ?"

ಗುರುಗಳು ಅವನ ಕಾಲಿನ ಕಡೆ ಒಮ್ಮೆ ನೋಡಿದರು.

"ಆ ಊರಿಗೆ ಹಡಗು ಬೇಕು ಎಂದಿದ್ದೆನಲ್ಲ ಮರುಳಾ, ನನ್ನದೇ ತಪ್ಪು, ನೀನು ನಡೆದೇ ತಲುಪಿಬಿಟ್ಟೆ."